ಧಾರ್ಮಿಕ ಸಂಘರ್ಷಗಳ ಬಗ್ಗೆ ಸ್ವತಃ ತೀರ್ಮಾನಕ್ಕೆ ಬರುವುದನ್ನು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದು ಹೇಗೆ?

ದಾಖಲೆ ಇರುವ ಹಳೆಯ ಪ್ರಕರಣವೊಂದರಿಂದ ಶುರುಮಾಡಿ. ಹೈಸ್ಕೂಲಿಗೆ ಶ್ರವಣಬೆಳಗೊಳದ 1368ರ, ವಿಜಯನಗರದ ಅರಸ ಬುಕ್ಕರಾಯನ ಶಾಸನ ಚೆನ್ನಾಗಿ ಹೊಂದುತ್ತದೆ. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಜೈನರು ದೂರಿತ್ತರು. ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದ ಅರಸ, ಪಂಚಮಹಾವಾದ್ಯ, ಕಲಶಗಳೆಂಬ ಗೌರವಗಳ ಹಕ್ಕು ಜೈನರಿಗೂ ಉಂಟೆಂದ. ಇಲ್ಲಿಗೇ ನಿಲ್ಲಿಸಿದರೆ ಮಕ್ಕಳು ‘ಸೌಹಾರ್ದ’ ಎಂದು ಬರೆದು ಮುಗಿಸುತ್ತಾರೆ. ಮುಂದಿನ ಸಾಲುಗಳನ್ನೂ ಓದಿಸಿ: ಜೈನರ ಮನೆಗಳಿಂದ ವರ್ಷಕ್ಕೆ 1 ಹಣ (ಆಗಿನ ಒಂದು ನಾಣ್ಯ) ಎತ್ತಿ, ಶ್ರೀವೈಷ್ಣವ ಮುಖಂಡ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ 20 ಕಾವಲಿನವರನ್ನು ನೇಮಿಸಬೇಕು, ಉಳಿದದ್ದು ಜೀರ್ಣ ಜಿನಾಲಯಗಳ ಸುಣ್ಣಕ್ಕೆ. ದೂರು ಕೊಟ್ಟವರೇ ಕಾವಲಿನ ಖರ್ಚು ಹೊರುವುದು ನ್ಯಾಯವೇ? ನಿಜವಾದ ಚರ್ಚೆ ಹುಟ್ಟುವುದು ಇಲ್ಲಿ. ಪ್ರತಿ ತೀರ್ಮಾನದ ಪಕ್ಕ ಆಧಾರವಾಗಿ ಶಾಸನದ ಒಂದು ಸಾಲು ಬರೆಸಿ. ಧರ್ಮ ನೋಡಿ ಯಾವ ಮಗುವನ್ನೂ ಒಂದು ಪಕ್ಷದ ಪರ ನಿಲ್ಲಿಸಬೇಡಿ. ಆಗ ಅದು ಯೋಚಿಸುವುದನ್ನು ಬಿಟ್ಟು ತನ್ನ ಮನೆಯವರನ್ನು ಸಮರ್ಥಿಸತೊಡಗುತ್ತದೆ.