ಬಾಂಡಿಗೆ ಸಹಿ ಹಾಕಿದ್ದೇನೆ, ಕಂಪನಿ ಬಿಡಬಹುದೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಹಾಸನದವನು. ಅಮೆರಿಕದಲ್ಲೇ ಎಂ.ಎಸ್. ಮುಗಿಸಿ ಓಪಿಟಿಯಲ್ಲಿ (ಓದಿನ ನಂತರದ ತಾತ್ಕಾಲಿಕ ಕೆಲಸದ ಅನುಮತಿ) ಇದ್ದಾಗ ನ್ಯೂಜೆರ್ಸಿಯ ಒಂದು ಕನ್ಸಲ್ಟೆನ್ಸಿ ಎಚ್-1ಬಿ (ಕಂಪನಿಯ ಅರ್ಜಿಯ ಮೇಲೆ ಸಿಗುವ ಕೆಲಸದ ವೀಸಾ) ಮಾಡಿಸಿಕೊಟ್ಟಿತು. 2025ರ ಅಕ್ಟೋಬರ್‌ನಿಂದ ಅದರಲ್ಲೇ ಇದ್ದೇನೆ. 24 ತಿಂಗಳೊಳಗೆ ಬಿಟ್ಟರೆ 12,500 ಡಾಲರ್ ‘ವೀಸಾ ಖರ್ಚು’ ಕಟ್ಟಿಕೊಡಬೇಕು ಎಂಬ ಕರಾರಿಗೆ ಸಹಿ ಹಾಕಿದ್ದೇನೆ. ಈಗ ಬೇರೆ ಕಡೆ ಆಫರ್ ಬಂದಿದೆ. ದುಡ್ಡು ಕಟ್ಟದೆ ಹೋದರೆ ಇಮಿಗ್ರೇಷನ್‌ಗೆ ಬರೆದು ಸ್ಟೇಟಸ್ (ದೇಶದಲ್ಲಿರಲು ಇರುವ ಕಾನೂನಿನ ಅನುಮತಿ) ತೆಗೆಸುತ್ತೇವೆ, ಕೊನೆಯ ಸಂಬಳವೂ ಸಿಗುವುದಿಲ್ಲ ಎನ್ನುತ್ತಿದ್ದಾರೆ. ಅವರು ಕಳಿಸಿದ ಲೆಕ್ಕ ಹೀಗಿದೆ: ಎಚ್-1ಬಿ ಲಾಟರಿ ರಿಜಿಸ್ಟ್ರೇಷನ್ 215, ಐ-129 ಎಂಬ ಎಚ್-1ಬಿ ಅರ್ಜಿ 780, ತರಬೇತಿ ಶುಲ್ಕ ಎಂದು ಸರ್ಕಾರಕ್ಕೆ ಕಟ್ಟಿದ್ದು 1,500, ಅರ್ಜಿಯ ಜೊತೆ ಸರ್ಕಾರಕ್ಕೇ ಕಟ್ಟಿದ ಫ್ರಾಡ್ ಫೀ 500, ಅಸೈಲಂ ಫೀ 600, ವಕೀಲರಿಗೆ 3,000, ಅರ್ಜಿ ಬೇಗ ಇತ್ಯರ್ಥವಾಗಲೆಂದು ಕಟ್ಟಿದ ಪ್ರೀಮಿಯಂ ಪ್ರೊಸೆಸಿಂಗ್ 2,805, ನನಗೆ ಕೊಟ್ಟ ಟ್ರೈನಿಂಗ್ 3,100. ಪೂರ್ತಿ ಕಟ್ಟಲೇಬೇಕೇ?

ಉತ್ತರ: ಸ್ಟೇಟಸ್ ಮತ್ತು ದುಡ್ಡು ಎರಡೂ ಬೇರೆ ಬೇರೆ ವಿಷಯ. ಅವನ್ನು ಒಂದೇ ಹಗ್ಗದಲ್ಲಿ ಕಟ್ಟಿ ಹೆದರಿಸುವುದು ಇಂಥ ಕಂಪನಿಗಳ ಹಳೆಯ ಅಭ್ಯಾಸ. ಕರಾರು ಮುರಿದರೆ ಅದು ಸಿವಿಲ್ ಕೋರ್ಟಿನಲ್ಲೋ ಆರ್ಬಿಟ್ರೇಷನ್‌ನಲ್ಲೋ ತೀರಬೇಕಾದ ಹಣದ ತಕರಾರು. ನಿಮ್ಮ ಎಚ್-1ಬಿ ಅದರಿಂದ ಕೆಡುವುದಿಲ್ಲ. ನೀವು ಬಿಟ್ಟ ಮೇಲೆ ಕಂಪನಿ ಯುಎಸ್‌ಸಿಐಎಸ್‌ಗೆ (ಇಮಿಗ್ರೇಷನ್ ಅರ್ಜಿಗಳನ್ನು ನೋಡುವ ಸರ್ಕಾರಿ ಇಲಾಖೆ) ಬರೆದೇ ಬರೆಯುತ್ತದೆ. ಅದು ಕಾನೂನು ಅವರಿಗೆ ಹೊರಿಸಿದ ಕೆಲಸ, ದುಡ್ಡು ಕಟ್ಟಿ ಹೋದವರ ಬಗ್ಗೆಯೂ ಬರೆಯಬೇಕು. ಅಷ್ಟರಲ್ಲಿ ಹೊಸ ಕಂಪನಿಯ ಅರ್ಜಿ ಸಲ್ಲಿಕೆಯಾಗಿದ್ದರೆ ಹಳೆಯವರ ಪತ್ರದಿಂದ ನಿಮಗೆ ಏನೂ ಆಗದು.

ಇನ್ನು ಪಟ್ಟಿ. ಮೊತ್ತ ನೋಡಿ ಗಾಬರಿಯಾಗುವ ಬದಲು ಒಂದೊಂದು ಸಾಲನ್ನೂ ಬಿಡಿಸಿ ನೋಡಿ.

1,500 ಡಾಲರಿನ ಸಾಲನ್ನು ಮೊದಲು ಹೊಡೆದುಹಾಕಿ. 25ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗೆ 1,500, ಅದಕ್ಕಿಂತ ಚಿಕ್ಕದಕ್ಕೆ 750 ಎಂದಿರುವ ಈ ಶುಲ್ಕವನ್ನು ನೌಕರನಿಂದ ಯಾವ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ. ನೀವೇ ಒಪ್ಪಿ ಸಹಿ ಹಾಕಿದ್ದರೂ ಆ ಒಪ್ಪಿಗೆಗೆ ಬೆಲೆಯಿಲ್ಲ. ಕರಾರಿನಲ್ಲಿ ಈ ಸಾಲು ಕಂಡರೆ ಅದು ನಿಮಗೆ ಅನುಕೂಲವೇ, ಕಂಪನಿಯೇ ತಪ್ಪನ್ನು ಬರೆದುಕೊಟ್ಟಂತಾಯಿತು.

ರಿಜಿಸ್ಟ್ರೇಷನ್, ಐ-129, ಫ್ರಾಡ್ ಫೀ, ಅಸೈಲಂ ಫೀ, ವಕೀಲರ ಫೀ ಇವು ಕಂಪನಿ ತನ್ನ ಅರ್ಜಿ ತಾನು ಹಾಕಲು ಮಾಡಿದ ವ್ಯಾಪಾರದ ಖರ್ಚು. ಎಲ್‌ಸಿಎಯಲ್ಲಿ (ಕಂಪನಿ ಕಾರ್ಮಿಕ ಇಲಾಖೆಗೆ ಸಲ್ಲಿಸುವ ವೇತನದ ಘೋಷಣೆ) ನಿಮಗೆ ಕೊಡುತ್ತೇವೆಂದು ಬರೆದ ಕಡ್ಡಾಯ ವೇತನವಿದೆಯಲ್ಲ, ಈ ಖರ್ಚು ಹಿಡಿದುಕೊಂಡು ಸಂಬಳ ಆ ಮಟ್ಟಕ್ಕಿಂತ ಇಳಿಯುವುದನ್ನು ಕಾರ್ಮಿಕ ಇಲಾಖೆಯ ನಿಯಮ ಒಪ್ಪುವುದಿಲ್ಲ. ಸಂಬಳದಲ್ಲಿ ಕಡಿದುಕೊಂಡರೂ ಒಂದೇ, ಬಿಡುವಾಗ ಚೆಕ್ ಬರೆಸಿಕೊಂಡರೂ ಒಂದೇ. ಕನ್ಸಲ್ಟೆನ್ಸಿಗಳು ಕೊಡುವ ಸಂಬಳ ಬಹುಮಟ್ಟಿಗೆ ಎಲ್‌ಸಿಎ ವೇತನಕ್ಕೆ ಅಂಟಿಕೊಂಡೇ ಇರುತ್ತದೆ, ಹಾಗಾಗಿ ನಿಮ್ಮ ವಾದ ಗಟ್ಟಿ. ಸಂಬಳ ಅದಕ್ಕಿಂತ ಬಹಳ ಹೆಚ್ಚಿದ್ದರೆ ಮಾತ್ರ ಈ ವಾದ ಸ್ವಲ್ಪ ಸಡಿಲವಾಗುತ್ತದೆ. ಆದ್ದರಿಂದ ಎಲ್‌ಸಿಎ ಪ್ರತಿ ತೆಗೆದು ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೆಲಸಕ್ಕೆ ಸೇರುವ ದಿನದೊಳಗೆ ಆ ಪ್ರತಿಯನ್ನು ನಿಮಗೆ ಕೊಡಬೇಕಿತ್ತು, ಕೊಟ್ಟಿಲ್ಲದಿದ್ದರೆ ಇಮೇಲ್‌ನಲ್ಲಿ ಕೇಳಿ. 1,500ನ್ನೂ ಸೇರಿಸಿದರೆ ಇಲ್ಲಿಗೆ 6,595 ಡಾಲರ್ ಪಕ್ಕಕ್ಕೆ ಸರಿಯಿತು.

ಪ್ರೀಮಿಯಂ ಯಾರಿಗಾಗಿ ಕಟ್ಟಿದ್ದು ಎಂಬುದರ ಮೇಲೆ ನಿಂತಿದೆ. ಕ್ಲೈಂಟ್ ಬಳಿ ಬೇಗ ಕಳಿಸಬೇಕೆಂದು ಕಂಪನಿ ಕಟ್ಟಿದ್ದರೆ ಅದು ಅವರ ಖರ್ಚು. ಊರಿಗೆ ಹೋಗಿಬರಬೇಕು, ಬೇಗ ಮಾಡಿಸಿ ಎಂದು ನೀವೇ ಇಮೇಲ್ ಕಳಿಸಿದ್ದರೆ ಆ 2,805 ನಿಮ್ಮ ತಲೆಗೆ ಬರಬಹುದು. ಹಳೆಯ ಇಮೇಲ್ ಹುಡುಕಿ.

ನಿಜವಾಗಿ ಕಾದಾಡುವಂಥದ್ದು ಟ್ರೈನಿಂಗ್‌ನ 3,100 ಮಾತ್ರ. ಎಚ್-1ಬಿ ಕಾನೂನು ದಂಡವನ್ನು ನಿಷೇಧಿಸುತ್ತದೆ, ಆದರೆ ನಷ್ಟದ ನ್ಯಾಯವಾದ ಮುಂಗಡ ಅಂದಾಜನ್ನು ಆಯಾ ರಾಜ್ಯದ ಕಾನೂನಿಗೆ ಬಿಟ್ಟಿದೆ. ಹೊರಗಿನ ಸಂಸ್ಥೆಗೆ ದುಡ್ಡು ಕಟ್ಟಿ ಕಲಿಸಿದ್ದಕ್ಕೆ ರಸೀದಿಯಿದೆಯೇ, ಅಥವಾ ನಾಲ್ಕು ಜೂಮ್ ಕರೆಗಳಿಗೆ ಟ್ರೈನಿಂಗ್ ಎಂದು ಹೆಸರಿಟ್ಟಿದ್ದಾರೆಯೇ? ಮೊದಲ ವಾರ ಬಿಟ್ಟರೂ 23ನೇ ತಿಂಗಳಲ್ಲಿ ಬಿಟ್ಟರೂ ಮೊತ್ತ ಒಂದೇ ಆಗಿದ್ದರೆ ಅದು ನಷ್ಟದ ಅಂದಾಜಲ್ಲ, ದಂಡ ಎಂದು ವಾದಿಸಲು ಜಾಗವಿದೆ. ತಿಂಗಳು ತಿಂಗಳಿಗೆ ಇಳಿಯುವ ಮೊತ್ತವಾದರೆ ಕೋರ್ಟ್ ಒಪ್ಪುವ ಸಾಧ್ಯತೆ ಹೆಚ್ಚು. ಇದನ್ನು ಮಾತಾಡಿ ಅರ್ಧಕ್ಕೆ ಮುಗಿಸಿಕೊಂಡರೂ ತಪ್ಪಿಲ್ಲ, ವಕೀಲರ ಗಂಟೆಗಳ ಲೆಕ್ಕ ಅದಕ್ಕಿಂತ ಹೆಚ್ಚಾದೀತು.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಒಂದು ಮಾತು. ಅಲ್ಲಿ 2026ರ ಜನವರಿ 1ರಿಂದ ಮಾಡಿಕೊಂಡ ‘ಬಿಟ್ಟರೆ ಕಟ್ಟು’ ಕರಾರುಗಳನ್ನು, ಕೆಲವು ವಿನಾಯಿತಿ ಬಿಟ್ಟು, ಕಾನೂನೇ ನಿಷೇಧಿಸಿದೆ. ಅದಕ್ಕೂ ಮೊದಲು ಸಹಿ ಹಾಕಿದ್ದಕ್ಕೆ ಅದು ತಾಗುವುದಿಲ್ಲ.

ಈಗ ಹೆಜ್ಜೆಗಳು. ಎಡವುವುದು ಇಲ್ಲೇ.

ರಾಜೀನಾಮೆಯನ್ನು ಮೊದಲು ಕೊಡಬೇಡಿ. ಮೊದಲು ಕಾಗದ ಪತ್ರ ನಿಮ್ಮ ಸ್ವಂತ ಇಮೇಲ್‌ಗೆ ಬರಲಿ: ಕರಾರಿನ ಎಲ್ಲ ಪುಟಗಳು, ಆಫರ್ ಲೆಟರ್, ಐ-797 (ಅರ್ಜಿ ಮಂಜೂರಾದ ಪತ್ರ), ಐ-94 (ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ದಾಖಲೆ), ಎಲ್‌ಸಿಎ, ಎಲ್ಲ ಪೇಸ್ಲಿಪ್, ಡಬ್ಲ್ಯೂ-2 (ವರ್ಷದ ಸಂಬಳ ಮತ್ತು ತೆರಿಗೆಯ ಪತ್ರ), ದುಡ್ಡು ಕೇಳಿದ ಸಂದೇಶಗಳು. ಲಾಗಿನ್ ಕಡಿದ ಮೇಲೆ ಎಚ್‌ಆರ್ ಪೋರ್ಟಲ್‌ನಿಂದ ಒಂದು ಪೇಸ್ಲಿಪ್ ಕೂಡ ಬರುವುದಿಲ್ಲ. ಕಂಪನಿಯ ಕೋಡ್, ಕ್ಲೈಂಟ್ ಕಡತ ಮಾತ್ರ ಮುಟ್ಟಬೇಡಿ, ಮುಟ್ಟಿದರೆ ನಿಮ್ಮ ಮೇಲೆ ಬೇರೆಯದೇ ಕೇಸು ಹಾಕಲು ದಾರಿ ಮಾಡಿಕೊಟ್ಟಂತೆ. ಐ-797 ಕೊಡದೆ ಸತಾಯಿಸಿದರೆ ಯುಎಸ್‌ಸಿಐಎಸ್‌ಗೆ ಮಾಹಿತಿ ಹಕ್ಕಿನ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬಹುದು, ಆದರೆ ಸಮಯ ಹಿಡಿಯುತ್ತದೆ.

ಆಮೇಲೆ ಹೊಸ ಕಂಪನಿ ಅರ್ಜಿ ಹಾಕಲಿ. ಅದು ಯುಎಸ್‌ಸಿಐಎಸ್ ತಲುಪಿದ ಮೇಲೆ ಹೊಸ ಕೆಲಸ ಶುರು ಮಾಡಲು ಕಾನೂನು ಅಡ್ಡಿಯಿಲ್ಲ, ರಸೀದಿ ಕೈಗೆ ಬರಲಿ ಎಂದು ಹೆಚ್ಚಿನವರು ಕಾಯುತ್ತಾರೆ. ಹಳೆಯ ಮಾಲೀಕರು ಕಿರಿಕಿರಿಯವರಾದರೆ ಪ್ರೀಮಿಯಂ ಕಟ್ಟಿಸಿ ಮಂಜೂರಾತಿಯವರೆಗೆ ಕಾಯುವುದೇ ಜಾಣತನ. ಅದರ ಗಡುವು 15 ಕೆಲಸದ ದಿನ, ಅಂದರೆ ಸುಮಾರು ಮೂರು ವಾರ. ಮಧ್ಯೆ ಕೆಲಸ ಹೋಯಿತೆಂದರೆ ಹೆಚ್ಚೆಂದರೆ 60 ದಿನ, ಅಥವಾ ಐ-94 ಮುಗಿಯುವ ದಿನ, ಎರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಅವಕಾಶ. ಆ ಅವಧಿ ಮೀರಿ ಅರ್ಜಿ ಹೋದರೆ ಈಗ ಇನ್ನೊಂದು ಪೆಟ್ಟೂ ಬೀಳಬಹುದು. 2025ರ ಸೆಪ್ಟೆಂಬರ್ 21ರಿಂದ ಹೊಸ ಎಚ್-1ಬಿ ಅರ್ಜಿಗಳಿಗೆ ಬಂದ 1 ಲಕ್ಷ ಡಾಲರ್ ಶುಲ್ಕ, ದೇಶದೊಳಗೇ ಇದ್ದು ಸ್ಟೇಟಸ್ ಉಳಿಸಿಕೊಂಡು ಕಂಪನಿ ಬದಲಿಸುವವರಿಗೆ ಇಲ್ಲ ಎಂದು ಯುಎಸ್‌ಸಿಐಎಸ್ ಹೇಳಿತು. ಸ್ಟೇಟಸ್ ತಪ್ಪಿ, ವಿಸ್ತರಣೆ ನಿರಾಕರಿಸಲ್ಪಟ್ಟವರಿಗೆ ಆ ರಿಯಾಯಿತಿ ಸಿಗದು. ಹೊಸ ಅರ್ಜಿ ಇತ್ಯರ್ಥವಾಗುವವರೆಗೆ ಊರಿನ ಮದುವೆ ಮುಂಜಿಗೆ ಟಿಕೆಟ್ ಮಾಡಿಸಬೇಡಿ.

ರಾಜೀನಾಮೆ ಪತ್ರ ಎರಡು ಸಾಲು ಸಾಕು: ಕೊನೆಯ ದಿನ ಯಾವುದು, ಲ್ಯಾಪ್‌ಟಾಪ್ ಎಲ್ಲಿಗೆ ಕಳಿಸಬೇಕು. ದುಡ್ಡಿನ ಮಾತು ಅಲ್ಲಿ ಬೇಡ. ಬಿಡುವ ದಿನ ‘ಸೆಟ್ಲ್‌ಮೆಂಟ್’ ಎಂದು ಮುಂದೆ ಚಾಚುವ ಕಾಗದಕ್ಕೆ ಸಹಿ ಹಾಕಬೇಡಿ, ‘ಓದಿ ತಿಳಿಸುತ್ತೇನೆ’ ಎನ್ನಿ. ಕೊನೆಯ ಸಂಬಳ ಹಿಡಿದಿಟ್ಟರೆ, ಅಥವಾ ಮೇಲಿನ ಶುಲ್ಕ ಕಡಿದುಕೊಂಡರೆ, ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ ಡಬ್ಲ್ಯೂಎಚ್-4 ನಮೂನೆಯಲ್ಲಿ ದೂರು ಕೊಡಿ. ತಪ್ಪು ನಡೆದ 12 ತಿಂಗಳೊಳಗೆ ಕೊಡಬೇಕು, ಖರ್ಚಿಲ್ಲ. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸುವುದನ್ನೂ ಕಾನೂನು ನಿಷೇಧಿಸಿದೆ.

ವಕೀಲರ ನೋಟಿಸ್ ಬಂದರೆ ಅದು ಬರೀ ಪತ್ರ, ಉತ್ತರಿಸಲು ಯೋಚಿಸಬಹುದು. ಆದರೆ ಕೋರ್ಟಿನ ಸಮನ್ಸ್ ಬಂದರೆ ಮೇಜಿನ ಮೇಲೆ ಬಿಟ್ಟು ಮರೆಯುವಂತಿಲ್ಲ. ನ್ಯೂಜೆರ್ಸಿ ಸುಪೀರಿಯರ್ ಕೋರ್ಟಿನಲ್ಲಿ ಉತ್ತರ ಸಲ್ಲಿಸಲು 35 ದಿನ. ಗೆಲ್ಲಬಹುದಾಗಿದ್ದ ಎಷ್ಟೋ ಜನ ಸೋಲುವುದು ಇಲ್ಲೇ. ಉತ್ತರವಿಲ್ಲದಿದ್ದರೆ ಏಕಪಕ್ಷೀಯ ತೀರ್ಪಾಗಿ, ಕಟ್ಟಬೇಕಿಲ್ಲದ 1,500 ಸಹಿತ ಪೂರ್ತಿ ಮೊತ್ತ ಹೊಸ ಸಂಬಳದಿಂದ ಜಪ್ತಿಯಾಗಬಹುದು. ಈ ಹಂತದಲ್ಲಿ ಬೇಕಾದವರು ಇಮಿಗ್ರೇಷನ್ ವಕೀಲರಲ್ಲ, ಆ ರಾಜ್ಯದ ಕಾರ್ಮಿಕ ಕಾನೂನು ನೋಡುವ ವಕೀಲರು.

ಪ್ರಶ್ನೆ: ಅಮೆರಿಕದಲ್ಲಿ ನನ್ನ ಗ್ರೀನ್ ಕಾರ್ಡಿಗೆಂದು ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿ ಐದು ತಿಂಗಳಾಯಿತು. ಈಗ ಬಿಟ್ಟರೆ ಗ್ರೀನ್ ಕಾರ್ಡಿನ ಪೂರ್ತಿ ಖರ್ಚು ಕೊಡಬೇಕಂತೆ.

ಉತ್ತರ: ಪೂರ್ತಿ ಎಂಬುದು ಸುಳ್ಳು. ಪರ್ಮ್ ಹಂತದ (ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾದ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ) ಜಾಹೀರಾತು, ವಕೀಲರ ಫೀ ಎಲ್ಲವನ್ನೂ 2007ರ ಜುಲೈ 16ರಿಂದ ಕಂಪನಿಯೇ ಹೊರಬೇಕು, ಕರಾರು ಬರೆಸಿಕೊಂಡೂ ಹಿಂದೆ ಕೇಳುವಂತಿಲ್ಲ. ಐ-140 ಮತ್ತು ಕೊನೆಯ ಹಂತದ ಐ-485 ಅರ್ಜಿಯ ಖರ್ಚು ಆ ನಿಷೇಧದೊಳಗೆ ಬರುವುದಿಲ್ಲ, ಅಷ್ಟರ ಮಟ್ಟಿಗೆ ಕರಾರು ನಿಲ್ಲಬಹುದು. ದುಡ್ಡಿಗಿಂತ ದಿನದ ಲೆಕ್ಕ ನೋಡಿ. ಮಂಜೂರಾತಿಗೆ 180 ದಿನ ತುಂಬಿದ ಮೇಲೆ ಕಂಪನಿ ಹಿಂತೆಗೆದುಕೊಂಡರೂ ಐ-140 ರದ್ದಾಗದು, ಆರು ವರ್ಷ ದಾಟಿದ ಎಚ್-1ಬಿ ವಿಸ್ತರಣೆಗೂ ಅದು ಆಧಾರವಾಗುತ್ತದೆ. ಅದಕ್ಕೆ ಮೊದಲೇ ಹಿಂತೆಗೆದರೆ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಮ್ಮ ಜಾಗ ಹೇಳುವ ದಿನಾಂಕ) ಉಳಿಯುತ್ತದೆ, ವಿಸ್ತರಣೆಯ ಅನುಕೂಲ ಹೋಗುತ್ತದೆ. ಇನ್ನೊಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಮಂಗಳೂರಿನಿಂದ ಬಂದು ಇಂಗ್ಲೆಂಡಿನ ನರ್ಸಿಂಗ್ ಹೋಮ್‌ನಲ್ಲಿ ನರ್ಸ್ ಆಗಿದ್ದೇನೆ. ಮೂರು ವರ್ಷದೊಳಗೆ ಬಿಟ್ಟರೆ 6,000 ಪೌಂಡ್ ಎಂದು ಕರಾರಿದೆ. ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ.

ಉತ್ತರ: ಮೇಲೆ ಅಮೆರಿಕದವರಿಗೆ ಕೊಟ್ಟ ಸಲಹೆ ಇಲ್ಲಿ ನಡೆಯದು. ಬ್ರಿಟನ್ನಿನಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಹೊಸ ಕಡೆ ಪೂರ್ಣ ಕೆಲಸ ಶುರು ಮಾಡುವಂತಿಲ್ಲ. ಹೊಸ ಆಸ್ಪತ್ರೆಯಿಂದ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಬಂದು, ವೀಸಾ ಮಂಜೂರಾದ ಮೇಲೆಯೇ ಹೋಗಬೇಕು. ಅಲ್ಲಿಯವರೆಗೆ ಹಳೆಯ ಕಡೆಯೇ ಡ್ಯೂಟಿ ಮಾಡಿ.

6,000ದ ವಿವರ ಬರವಣಿಗೆಯಲ್ಲಿ ಕೇಳಿ. ವಿದೇಶಿ ನೌಕರರಿಗಾಗಿ ಮಾಲೀಕರು ಸರ್ಕಾರಕ್ಕೆ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಇದ್ದರೆ ಅದನ್ನು ನಿಮ್ಮಿಂದ ಪಡೆಯುವಂತಿಲ್ಲ. 2024ರ ಡಿಸೆಂಬರ್ 31ರಿಂದ ಸ್ಪಾನ್ಸರ್ ಲೈಸೆನ್ಸ್ ಶುಲ್ಕ, ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಶುಲ್ಕಗಳೂ ಈ ಪಟ್ಟಿಗೆ ಸೇರಿವೆ. ವಿಮಾನದ ಟಿಕೆಟ್, ವೀಸಾ ಶುಲ್ಕ, ನರ್ಸ್ ನೋಂದಣಿಗೆ ಬೇಕಾದ ಆಸ್ಕಿ ಪರೀಕ್ಷೆಯ ಖರ್ಚು ಮಾತ್ರ ಕರಾರಿದ್ದರೆ ಕೇಳಬಹುದು. ಅದೂ ನಿಜವಾಗಿ ಖರ್ಚಾದಷ್ಟೇ ಇರಬೇಕು, ನೀವು ದುಡಿದ ಅವಧಿಗೆ ತಕ್ಕಂತೆ ಇಳಿಯಬೇಕು ಎಂಬುದು ಅಲ್ಲಿನ ಆರೋಗ್ಯ ಕ್ಷೇತ್ರದ ನೇಮಕಾತಿ ಸಂಹಿತೆಯ ಆಶಯ. ಒಪ್ಪಿಗೆಯಿಲ್ಲದೆ ಕೊನೆಯ ಸಂಬಳದಲ್ಲಿ ಕಡಿದರೆ ತಡಮಾಡದೆ ಕೆಲಸದ ತಕರಾರು ನೋಡುವ ಏಕಾಸ್ ಸಂಸ್ಥೆಗೆ ಹೋಗಿ, ಅಲ್ಲಿನ ಕಾಲಮಿತಿ ಚಿಕ್ಕದು. ನರ್ಸಿಂಗ್ ಯೂನಿಯನ್ ಸದಸ್ಯರಾಗಿದ್ದರೆ ಅವರಿಗೆ ಮೊದಲು ಫೋನ್ ಮಾಡಿ.

ಪ್ರಶ್ನೆ: ಮಗ ಬೆಂಗಳೂರಿನ ಕಂಪನಿಯಿಂದ ಆನ್‌ಸೈಟ್ ಹೋಗುವಾಗ 5 ಲಕ್ಷದ ಬಾಂಡಿಗೆ ನಾನು ಜಾಮೀನು ಸಹಿ ಹಾಕಿದ್ದೇನೆ. ಖಾಲಿ ಚೆಕ್ಕನ್ನೂ ಕೊಟ್ಟಿದ್ದೇವೆ. ಮಗ ಬಿಟ್ಟರೆ ನನಗೇನಾಗುತ್ತದೆ? – ದಾವಣಗೆರೆಯಿಂದ ಒಬ್ಬರು

ಉತ್ತರ: ಬಾಂಡ್ ಎಂದ ಮಾತ್ರಕ್ಕೆ ಅಸಿಂಧು ಎಂದು ಹೇಳುವವರನ್ನು ನಂಬಬೇಡಿ. ಕರ್ನಾಟಕದಿಂದಲೇ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಎತ್ತಿಹಿಡಿದಿದೆ. ಆದರೆ ಅದು ಹೊಸ ನೇಮಕಾತಿಗೆ ಸಾರ್ವಜನಿಕ ಪ್ರಕ್ರಿಯೆ ನಡೆಸಲೇಬೇಕಾದ ಸರ್ಕಾರಿ ಬ್ಯಾಂಕು. ಖಾಸಗಿ ಕಂಪನಿಗೂ 1872ರ ಕರಾರು ಕಾಯಿದೆಯ 74ನೇ ಕಲಮು ಅನ್ವಯಿಸುತ್ತದೆ: ಬರೆದ ಮೊತ್ತ ಗರಿಷ್ಠ ಮಿತಿ, ಕೈಗೆ ಸಿಗುವುದು ನ್ಯಾಯವೆನಿಸಿದ ಪರಿಹಾರ ಮಾತ್ರ. ಜಾಮೀನುದಾರರ ಹೊಣೆಯೂ ಮಗನ ಹೊಣೆಯಷ್ಟೇ, ಅದಕ್ಕಿಂತ ಹೆಚ್ಚಲ್ಲ.

ಚೆಕ್ಕಿನ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಬ್ಯಾಂಕಿಗೆ ಹೋಗಿ ಪಾವತಿ ನಿಲ್ಲಿಸಿದರೂ 138ನೇ ಕಲಮಿನ ಚೆಕ್ ಬೌನ್ಸ್ ಕೇಸಿನಿಂದ ತಾನಾಗಿಯೇ ಪಾರಾಗುವುದಿಲ್ಲ. ಮಗ ಬಿಡುವ ಮೊದಲೇ, ಆ ಚೆಕ್ ಭದ್ರತೆಗಾಗಿ ಕೊಟ್ಟದ್ದು, ಅದರ ನಂಬರ್ ಇಂಥದ್ದು, ವಾಪಸ್ ಕೊಡಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಬರೆದು ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಚೆಕ್ ಬೌನ್ಸ್ ನೋಟಿಸ್ ಬಂದರೆ ಹಣ ಕಟ್ಟಲು ಸಿಗುವುದು 15 ದಿನ. ಆ 15 ದಿನದೊಳಗೇ ವಕೀಲರ ಮೂಲಕ ಉತ್ತರ ಹೋಗಲಿ.