ಪಹಣಿಯ 9ನೇ ಕಾಲಂ

ಓದುಗರ ಪತ್ರ:

ಮಾನ್ಯ ಸಂಪಾದಕರೇ, ನಾನು ಡಿಗ್ರಿ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆ. 'ಪರಿವರ್ತನಾ ನಾಯಕತ್ವ' ಎಂಬ ಅಧ್ಯಾಯ ಬಂದಾಗಲೆಲ್ಲ ನನಗೆ ಒಂದೇ ಕಷ್ಟ. ಉದಾಹರಣೆಗೆ ನಮ್ಮವರು ಸಿಗುವುದಿಲ್ಲ. ಎದ್ದು ನಿಂತರೆ ಸಭೆ ತೆಪ್ಪಗಾಗುವ, ಮಾತಿನಲ್ಲೇ ಜನರನ್ನು ಕಟ್ಟಿಹಾಕುವ ನಾಯಕರು ಕರ್ನಾಟಕದಲ್ಲಿ ಯಾಕೆ ಹುಟ್ಟಲಿಲ್ಲ? ಪ್ರಭಾವ ಅಂದರೆ ಕೊನೆಗೆ ವ್ಯಕ್ತಿತ್ವ ಮತ್ತು ಮಾತೇ ಅಲ್ಲವೇ? ನೀವು ಆಗಾಗ ದೇವರಾಜ ಅರಸರನ್ನು ಹೊಗಳುತ್ತೀರಿ. ಅವರಿಗೆ ಅಷ್ಟು ಪ್ರಭಾವ ಇದ್ದಿದ್ದರೆ 1980ರಲ್ಲಿ ಜನ ಹಾಗೆ ಕೈಬಿಡುತ್ತಿದ್ದರೇ? ಕೊನೆಗೊಂದು ವಿನಂತಿ. ಮುಂದಿನ ತಿಂಗಳು ಕಾಲೇಜಿನಲ್ಲಿ ನಾಯಕತ್ವದ ಬಗ್ಗೆ ಕಾರ್ಯಕ್ರಮ ಇದೆ. ಒಳ್ಳೆಯ ಭಾಷಣಕಾರರೊಬ್ಬರನ್ನು ಸೂಚಿಸಿ.
— ದಾವಣಗೆರೆಯ ಓದುಗರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಬೇರೆ ಪತ್ರಗಳಿಗೆ ನಾಲ್ಕು ಸಾಲು ಬರೆದು ಕೈ ತೊಳೆದುಕೊಂಡೆ. ಇದನ್ನು ಮಾತ್ರ ಬಿಡಲಾಗಲಿಲ್ಲ. ನನ್ನ ಹಳೆಯ ಹುಣ್ಣನ್ನೇ ಹುಡುಕಿ ಕೆರೆದಿದ್ದೀರಿ. ಉತ್ತರ ಸ್ವಲ್ಪ ಉದ್ದವಾದರೆ ತಪ್ಪು ನಿಮ್ಮದು.

ಮೊದಲು ನಿಮಗೆ ಸಲ್ಲಬೇಕಾದ್ದು ಸಲ್ಲಿಸಿಬಿಡುತ್ತೇನೆ. ಮಾತಿಗೆ ಶಕ್ತಿ ಇದೆ. ಇಲ್ಲ ಅಂದವರು ಯಾರು? ಆದರೆ ಅಂಥವರು ಕರ್ನಾಟಕದಲ್ಲಿ ಹುಟ್ಟಲೇ ಇಲ್ಲ ಅಂತೀರಲ್ಲ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಹೆಸರು ಕೇಳಿಲ್ವಾ? 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿಬಿದ್ದರು. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬಲ್ಲಿಂದ ಎದ್ದ ಜಗಳ ಅದು. ಗೋಪಾಲಗೌಡರು ಗೇಣಿದಾರರ ಬೆನ್ನಿಗೆ ನಿಂತರು. ಸಮಾಜವಾದಿ ಮುಖಂಡ ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೆ ಒಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. 'ಉಳುವವನೇ ಹೊಲದೊಡೆಯ' ಎಂಬುದು ಜನರ ಬಾಯಲ್ಲಿ ನಿಂತದ್ದು ಇಂಥವರ ಗಂಟಲಿನಿಂದ. ಆ ಮಾತಿಲ್ಲದೆ ಮುಂದಿನದು ಆಗುತ್ತಿರಲಿಲ್ಲ. ಒಪ್ಪಿದೆ.

ಆಮೇಲೆ ಏನಾಯಿತು ನೋಡಿ. 1957ರಲ್ಲಿ ಬಿ.ಡಿ. ಜತ್ತಿಯವರ ಸಮಿತಿ ಕೂತಿತು. 1961ರಲ್ಲಿ ಭೂಸುಧಾರಣೆ ಕಾಯ್ದೆ ಆಯಿತು. ಅದು ಜಾರಿಗೆ ಬಂದದ್ದು 1965ರಲ್ಲಿ. ಬಂದರೂ ಅದರ ತುಂಬ ಕಿಂಡಿಗಳು. 'ಸ್ವಂತ ಸಾಗುವಳಿ ಮಾಡ್ತೀನಿ' ಎಂದು ಒಡೆಯ ಜಮೀನು ವಾಪಸು ಪಡೆಯಬಹುದಿತ್ತು. ಕಾಗೋಡಿನಿಂದ ಲೆಕ್ಕ ಹಾಕಿದರೆ 1974ಕ್ಕೆ 23 ವರ್ಷ. ಆ 23 ವರ್ಷದಲ್ಲಿ ಮಾತಿಗೇನೂ ಬರ ಇರಲಿಲ್ಲ ಮೇಷ್ಟ್ರೇ. ಭಾಷಣ ಇತ್ತು, ಮೆರವಣಿಗೆ ಇತ್ತು, ಕಾಯ್ದೆಯೂ ಇತ್ತು. ಗೇಣಿ ಕೊಡುವವನು ಮಾತ್ರ ಗೇಣಿ ಕೊಡುತ್ತಲೇ ಇದ್ದ.

1972ರಲ್ಲಿ ಮುಖ್ಯಮಂತ್ರಿಯಾದ ಅರಸರ ಸರ್ಕಾರ ಆ ಕಾಯ್ದೆಗೆ ತಂದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿ ಜಮೀನೆಲ್ಲ ಒಂದೇ ಏಟಿಗೆ ಸರ್ಕಾರದ ವಶ. ಉಳುತ್ತಿದ್ದವನು 7ನೇ ನಂಬರಿನ ಫಾರಂ ತುಂಬಿ ಕೊಟ್ಟರೆ ಸಾಕು. ಮಲೆನಾಡು, ಕರಾವಳಿಯಲ್ಲಿ ಅದಕ್ಕೆ 'ಡಿಕ್ಲರೇಷನ್ ಕೊಡೋದು' ಅಂತಲೇ ಹೆಸರಾಯಿತು. ವಿಚಾರಣೆಗೆ ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರಿಗೆ ಒಳಗೆ ಜಾಗವಿಲ್ಲ. ತೀರ್ಪಿನ ಮೇಲೆ ಅಪೀಲು ಇಲ್ಲ, ಬೇಕಾದರೆ ಹೈಕೋರ್ಟಿಗೆ ರಿಟ್ ಹಾಕಬೇಕು. ಹೆದರಿ ಫಾರಂ ಕೊಡದೆ ಕೂತವರಿದ್ದರು ನೋಡಿ, ಅವರಿಗಾಗಿ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ 1979ರ ಜೂನ್ 30ರವರೆಗೆ ಎಳೆದರು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು.

ಇದರಲ್ಲಿ ಎಲ್ಲಿದೆ ವ್ಯಕ್ತಿತ್ವದ ಮಿಂಚು? ಒಂದು ಫಾರಂ, ಒಂದು ಮೇಜು, ಐದು ಕುರ್ಚಿ, ಮುಂದೂಡಿದ ಒಂದು ತಾರೀಕು. ಆದರೆ ವಕೀಲರನ್ನು ಹೊರಗಿಡುವ ಆ ಒಂದು ಸಾಲು ಬರೆದವನಿಗೆ ಹಳ್ಳಿ ಗೊತ್ತಿತ್ತು. ವಕೀಲರಿದ್ದರೆ ಗೆಲ್ಲುವವರು ಯಾರು ಅಂತ ಗೊತ್ತಿತ್ತು. ಅರಸರು ಬಿಎಸ್ಸಿ ಓದಿ ಹುಣಸೂರಿನ ಕಲ್ಲಹಳ್ಳಿಗೆ ವಾಪಸು ಬಂದು ಬೇಸಾಯ ಮಾಡಿದವರು. ಪೈಪು ಸೇದುತ್ತ, ತಗ್ಗಿದ ದನಿಯಲ್ಲಿ ಮಾತಾಡುವ ಮನುಷ್ಯ. ಅವರ ಭಾಷಣ ಕೇಳಲು ಗಾಡಿ ಕಟ್ಟಿಕೊಂಡು ಹೋದೆವು ಎಂದವರನ್ನು ನಾನಂತೂ ಕಂಡಿಲ್ಲ.

ನಾನು ಅರಸರ ಭಜನೆ ಮಾಡುವ ಮನೆಯಲ್ಲಿ ಹುಟ್ಟಿದವನಲ್ಲ ಎಂಬುದನ್ನೂ ಹೇಳಿಬಿಡಬೇಕು. ನಮ್ಮದು ಮಲೆನಾಡಿನ ಒಂದು ಊರು. ಅಜ್ಜ ಬೇಗ ತೀರಿಹೋಗಿದ್ದರು. ಅಜ್ಜಿಗೆ ಇದ್ದದ್ದು ಎರಡು ತುಂಡು ಗದ್ದೆ, ಅದೂ ಗೇಣಿಗೆ ಕೊಟ್ಟದ್ದು. ಸುಗ್ಗಿ ಮುಗಿದ ಮೇಲೆ ಬರುವ ಗೇಣಿ ಭತ್ತದಲ್ಲೇ ಮನೆ ನಡೆಯಬೇಕು. ಒಂದು ದಿನ ಬೆಳಿಗ್ಗೆ ಗದ್ದೆ ಮಾಡುತ್ತಿದ್ದವನು ಅಂಗಳಕ್ಕೆ ಬಂದು ನಿಂತ. ಜಗಲಿ ಹತ್ತುವ ರೂಢಿ ಅವನಿಗಿರಲಿಲ್ಲ.

"ಅಮ್ಮಾ, ಡಿಕ್ಲರೇಷನ್ ಕೊಟ್ಟಿದೀನಿ. ಬೇಜಾರು ಮಾಡ್ಕಬೇಡಿ."

"ಬೇಜಾರು ಮಾಡ್ಕಳದೆ ಹಬ್ಬ ಮಾಡ್ಲೇನೋ?" ಎಂದಳು ಅಜ್ಜಿ.

ವಿಚಾರಣೆ ದಿನ ತಾಲ್ಲೂಕಿಗೆ ಹೋಗಲು ಇದ್ದದ್ದು ಒಂದೇ ಬಸ್ಸು. ಅಜ್ಜಿ ಮುಂದಿನ ಸೀಟಿನಲ್ಲಿ, ಅವನು ಹಿಂದೆ, ನಾನು ಇಬ್ಬರ ನಡುವೆ. ಒಳಗೆ ನಡೆದದ್ದು ಹತ್ತು ನಿಮಿಷ. ಎಷ್ಟು ವರ್ಷದಿಂದ ಉಳ್ತಿದೀಯಪ್ಪ ಎಂದು ಕೇಳಿದರು. "ನಮ್ಮಪ್ಪನ ಕಾಲದಿಂದ, ಸ್ವಾಮಿ." ಅಜ್ಜಿಯ ಕಡೆ ತಿರುಗಿ, ಹೌದೇನಮ್ಮ ಎಂದರು. ಇಲ್ಲ ಅನ್ನಬಹುದಿತ್ತು. ಊರಲ್ಲಿ ಕೆಲವರು ಹಾಗೇ ಹೇಳಿಕೊಟ್ಟೂ ಇದ್ದರು. ಅಜ್ಜಿ ಸೆರಗು ಸರಿಮಾಡಿಕೊಂಡು, "ಹೌದು, ಇನ್ನೇನು ಸುಳ್ಳು ಹೇಳ್ಲಾ?" ಎಂದಳು. ಗದ್ದೆ ಹೋಯಿತು. ವಾಪಸು ಬಂದದ್ದೂ ಅದೇ ಬಸ್ಸಿನಲ್ಲಿ.

ಅಜ್ಜಿ ಸಾಯುವವರೆಗೂ ಅರಸರ ಹೆಸರು ಹೇಳಲಿಲ್ಲ. 'ಆ ಹುಣಸೂರಿನವನು' ಅನ್ನುತ್ತಿದ್ದಳು. ಆಕೆಯ ಸಿಟ್ಟಿನಲ್ಲಿ ನ್ಯಾಯ ಇತ್ತು. ಸಾವಿರ ಎಕರೆಯ ಧಣಿಗೂ ಎರಡು ತುಂಡು ಗದ್ದೆಯ ವಿಧವೆಗೂ ಒಂದೇ ಕೊಡಲಿ ಬಿತ್ತು. ಆದರೆ ಆ ಮನುಷ್ಯ ಆಮೇಲೆ ನಮ್ಮ ಮನೆಗೆ ಬಂದದ್ದೂ ನನಗೆ ನೆನಪಿದೆ. ಅಂಗಳದಲ್ಲಿ ನಿಲ್ಲಲಿಲ್ಲ. ಜಗಲಿ ಹತ್ತಿ ಕೂತ, ಅಡಿಕೆ ಕೇಳಿದ. ಅಜ್ಜಿ ಗೊಣಗುತ್ತಲೇ ಎಲೆಅಡಿಕೆ ತಟ್ಟೆ ತಳ್ಳಿದಳು.

ನೀವು ತರಗತಿಯಲ್ಲಿ ಹೇಳುವ 'ಪರಿವರ್ತನಾ ನಾಯಕತ್ವ'ಕ್ಕೆ ಮೂಲ ಅಮೆರಿಕದ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್. 1978ರಲ್ಲಿ ಅವರು ಎರಡು ಬಗೆಯ ನಾಯಕರನ್ನು ಬೇರೆ ಮಾಡಿ ತೋರಿಸಿದರು. ಒಬ್ಬ ಕೊಟ್ಟು ತೆಗೆದುಕೊಳ್ಳುವವನು: ನೀನು ಓಟು ಕೊಡು, ನಾನು ರಸ್ತೆ ಮಾಡಿಸ್ತೀನಿ. ಇನ್ನೊಬ್ಬನ ಕೈಯಲ್ಲಿ ಜನರೂ ಬದಲಾಗುತ್ತಾರೆ, ಅವನೂ ಬದಲಾಗುತ್ತಾನೆ. ಬರ್ನ್ಸ್ ಇತಿಹಾಸ ಓದಿಕೊಂಡವರು, ರೂಸ್‌ವೆಲ್ಟ್ ಜೀವನಚರಿತ್ರೆಗೆ ಪುಲಿಟ್ಜರ್ ಪಡೆದವರು. ಆಮೇಲೆ ಅದನ್ನು ಬರ್ನಾರ್ಡ್ ಬಾಸ್ 1985ರಲ್ಲಿ ಕಂಪನಿಗಳಿಗೂ ಸೈನ್ಯಕ್ಕೂ ಹೊಂದುವಂತೆ ಮಾಡಿದರು. ಅಲ್ಲಿಂದ ಅದು ನಿಮ್ಮ ಪವರ್‌ಪಾಯಿಂಟಿಗೆ ಬಂತು. ದಾರಿಯಲ್ಲಿ 'ಇಬ್ಬರೂ ಬದಲಾಗುತ್ತಾರೆ' ಎಂಬುದು ಎಲ್ಲೋ ಉದುರಿಹೋಯಿತು. ಉಳಿದದ್ದು ಕೈ ಬೀಸುವ ರೀತಿ, ಕಣ್ಣಲ್ಲಿ ಕಣ್ಣಿಟ್ಟು ನೋಡುವ ರೀತಿ. ಬಯ್ಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸುಮ್ನೆ ನೆನಪಿಸಿದೆ.

ಇನ್ನು ಮಾತೇ ಪ್ರಭಾವ ಅನ್ನುವುದಾದರೆ 1945ರ ಇಂಗ್ಲೆಂಡ್ ನೋಡಿ. ಚರ್ಚಿಲ್‌ಗಿಂತ ದೊಡ್ಡ ಮಾತುಗಾರ ಬೇಕಾ? ಯುದ್ಧ ಗೆದ್ದ ವರ್ಷವೇ ಜನ ಅವರನ್ನು ಮನೆಗೆ ಕಳಿಸಿ ಕ್ಲೆಮೆಂಟ್ ಆಟ್ಲಿಯನ್ನು ತಂದರು. ಆಟ್ಲಿ ಎರಡು ಮಾತಲ್ಲಿ ಮುಗಿಸುವ ಒಣ ಮನುಷ್ಯ. 1948ರ ಜುಲೈ 5ರಂದು ಅವರ ಸರ್ಕಾರ ಶುರುಮಾಡಿದ ಉಚಿತ ಆರೋಗ್ಯ ಸೇವೆ ಇವತ್ತೂ ನಡೆಯುತ್ತಿದೆ. ಗಾಂಧೀಜಿಯನ್ನೇ ನೋಡಿ. ಮುಂಬಯಿಯ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತು, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕೂತುಬಿಟ್ಟವರು. ನಿಮ್ಮ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನವೂ ಸಿಗುತ್ತಿರಲಿಲ್ಲ.

ಅರಸರ ಇನ್ನೊಂದು ಕೆಲಸ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಸಂಖ್ಯೆಯಲ್ಲಿ ಹಿಡಿಯಷ್ಟಿದ್ದ ಅರಸು ಸಮುದಾಯದಿಂದ ಬಂದವರು ಅವರು. ಬೆನ್ನಿಗೆ ಜಾತಿಯ ಓಟು ಇರಲಿಲ್ಲ. ಅದಕ್ಕೇ ಇರಬೇಕು, ಬೆನ್ನಿಗೆ ಯಾರೂ ಇಲ್ಲದವರನ್ನು ಹುಡುಕಿದರು. 1972ರಲ್ಲಿ ಅವರ ಪಕ್ಷದ ಟಿಕೆಟ್ ಪಡೆದ ಹೊಸಬರಲ್ಲಿ ಗುರುಮಠಕಲ್‌ನ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದ ವೀರಪ್ಪ ಮೊಯ್ಲಿ ಇದ್ದರು. ಅದೇ ವರ್ಷ ವಕೀಲ ಎಲ್.ಜಿ. ಹಾವನೂರರ ಆಯೋಗ ನೇಮಿಸಿದರು, 1975ರಲ್ಲಿ ವರದಿ ಬಂತು. ಹಿಂದುಳಿದವರ ಪಟ್ಟಿಯಲ್ಲಿ ನಾವು ಹೆಸರು ಕೂಡ ಕೇಳಿರದ ಜಾತಿಗಳಿದ್ದವು. ಎಷ್ಟೋ ಜನರಿಗೆ ಸರ್ಕಾರಿ ಕಾಗದದ ಮೇಲೆ ತಮ್ಮ ಹೆಸರು ಕಂಡದ್ದು ಆಗಲೇ.

ತಪ್ಪುಗಳಿಲ್ಲವೇ? ಇವೆ. ತುರ್ತುಪರಿಸ್ಥಿತಿಯಲ್ಲಿ ಮುಖ್ಯಮಂತ್ರಿಯಾಗಿದ್ದರು, ತುಟಿ ಬಿಚ್ಚಲಿಲ್ಲ. ಕೇಂದ್ರ ಸರ್ಕಾರ ವಿಚಾರಣೆಗೆ ನೇಮಿಸಿದ ಗ್ರೋವರ್ ಆಯೋಗ ಅವರ ಮೇಲಿನ ಕೆಲವು ಆರೋಪಗಳನ್ನು ಎತ್ತಿಹಿಡಿಯಿತು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದ ಮಾತಿಗೆ ಎದ್ದ 1973ರ 'ಬೂಸಾ' ಗಲಾಟೆಯಲ್ಲಿ, ಆ ಮಾತಾಡಿದ ದಲಿತ ಸಚಿವ ಬಸವಲಿಂಗಪ್ಪನವರ ರಾಜೀನಾಮೆ ಪಡೆದದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಗೇಣಿದಾರನಿಗೆ ಗದ್ದೆ ಬಂತು, ಆ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನೂ ಬರಲಿಲ್ಲ. ಇದು ದೊಡ್ಡ ಕೊರತೆ.

ಈಗ ನಿಮ್ಮ ದೊಡ್ಡ ಬಾಣಕ್ಕೆ ಬರೋಣ. 1977ರ ಲೋಕಸಭೆ ಚುನಾವಣೆಯಲ್ಲಿ ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯೇ ಸೋತರು. ಕರ್ನಾಟಕದಲ್ಲಿ 28ರಲ್ಲಿ 26 ಕಾಂಗ್ರೆಸ್ಸಿಗೆ. ಮರುವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾಗೆ ಮರುಹುಟ್ಟು ಕೊಟ್ಟದ್ದು ಇದೇ ಅರಸರ ರಾಜ್ಯ. 1979ರಲ್ಲಿ ಇಬ್ಬರೂ ಬೇರೆಯಾದರು. 1980ರ ಜನವರಿಯಲ್ಲಿ 28ರಲ್ಲಿ 27 ಇಂದಿರಾ ಪಾಲಾಯಿತು. ಅರಸರು ರಾಜೀನಾಮೆ ಕೊಟ್ಟರು. 1982ರ ಜೂನ್ 6ಕ್ಕೆ ತೀರಿಹೋದರು.

ಹಾಗಾದರೆ ಮಾತು ಗೆದ್ದಿತು, ಮುಖ ಗೆದ್ದಿತು ಅನ್ನುತ್ತೀರಿ. ನಾನೂ ಬಹಳ ದಿನ ಹಾಗೇ ಅಂದುಕೊಂಡು ಕೊರಗಿದ್ದೆ. ಒಮ್ಮೆ ಊರಿಗೆ ಹೋದಾಗ ನಮ್ಮ ಗದ್ದೆಯವನನ್ನೇ ಕೇಳಿದೆ: ಅರಸು ನಿಂಗೆ ಗದ್ದೆ ಕೊಡಿಸಿದ್ರು, ನೀನು ಓಟು ಇಂದಿರಮ್ಮಂಗೆ ಹಾಕಿದ್ಯಲ್ಲ, ಯಾಕೆ? ಅವನು ನಕ್ಕು, "ಗದ್ದೆ ನಂದಾಯ್ತಲ್ಲ, ಮತ್ತೆ ಓಟು ಅವರದ್ದು ಯಾಕಾಗ್ಬೇಕು?" ಎಂದ. ಆ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ತಲೆತಲಾಂತರದಿಂದ ಇನ್ನೊಬ್ಬರಿಗೆ ಗೇಣಿ ಅಳೆದ ಮನೆತನ ಅದು. ಬಿಡುಗಡೆ ಮಾಡಿದವನಿಗೂ ಗೇಣಿ ಅಳೆಯಲಿಲ್ಲ. ಬರ್ನ್ಸ್ ಬದುಕಿದ್ದಿದ್ದರೆ ನಾನು ಪತ್ರ ಬರೆದು ಇದನ್ನು ತಿಳಿಸುತ್ತಿದ್ದೆ.

ಕೆಂಗಲ್ ಹನುಮಂತಯ್ಯನವರು ಕಟ್ಟಿದ ವಿಧಾನಸೌಧ ಎಲ್ಲರಿಗೂ ಕಾಣುತ್ತದೆ, ಮಕ್ಕಳನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಜಮೀನಿನ ದಾಖಲೆಯಾದ ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರ ಅಂತ ಇದ್ದ ಹೆಸರು 9ನೇ ಕಾಲಂಗೆ ಬಂದು ಖಾತೆದಾರ ಆದದ್ದರ ಮುಂದೆ ನಿಂತು ಯಾರು ಫೋಟೋ ತೆಗೆಯುತ್ತಾರೆ? ಈಗಿನ ನಾಯಕರಿಗೆ ಇದು ಚೆನ್ನಾಗಿ ಅರ್ಥವಾಗಿದೆ. ಸರ್ಕಲ್ಲಿಗೊಂದು ಫ್ಲೆಕ್ಸು, ದಿನಕ್ಕೆ ಮೂರು ರೀಲ್ಸು, ಹುಟ್ಟುಹಬ್ಬಕ್ಕೆ ಸೇಬಿನ ಹಾರ ಎತ್ತಲು ಕ್ರೇನು. ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆಯುತ್ತಿದ್ದ, ಅದೇ ಭೂಸುಧಾರಣೆ ಕಾಯ್ದೆಯ 79ಎ, ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದರು. ರೈತ ಸಂಘಟನೆಗಳು ಬೀದಿಗಿಳಿದವು. ನಮ್ಮ ಪತ್ರಿಕೆಗೆ ಆ ಬಗ್ಗೆ ಬಂದ ಪತ್ರ ಎಷ್ಟು ಗೊತ್ತಾ? ಎರಡು. ಅದೇ ತಿಂಗಳು ಒಬ್ಬ ನಾಯಕರ ಭಾಷಣ ಶೈಲಿಯನ್ನು ಮೆಚ್ಚಿ ಬಂದ ಪತ್ರಗಳನ್ನು ಎಣಿಸಲಿಲ್ಲ, ರದ್ದಿಗೆ ಹಾಕಿದೆ. ನೀವೂ ಓದುಗರೇ, ಸ್ವಲ್ಪ ನೋಡಿಕೊಳ್ಳಿ.

ಇನ್ನು ನಿಮ್ಮ ಕಾರ್ಯಕ್ರಮದ ವಿಷಯ. ಒಳ್ಳೆಯ ಭಾಷಣಕಾರರು ಯಾರೂ ಹೊಳೆಯುತ್ತಿಲ್ಲ. ಭೂ ನ್ಯಾಯಮಂಡಳಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಒಬ್ಬರನ್ನು ಬಲ್ಲೆ. ಯಾವ ಸರ್ವೆ ನಂಬರಿನ ವಿಚಾರಣೆಯಲ್ಲಿ ಯಾರು ಅತ್ತರು, ಯಾರು ಸಾಕ್ಷಿಗೆ ಬಂದು ಓಡಿಹೋದರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮೈಕ್ ಕಂಡರೆ ಮಾತ್ರ ತೊದಲುತ್ತಾರೆ. ಕುರ್ಚಿ ಹಾಕಿ ಮಕ್ಕಳನ್ನು ಸುತ್ತ ಕೂರಿಸಿದರೆ ಆಯಿತು. ಎಂಬತ್ತು ದಾಟಿದೆ, ಮೊಣಕಾಲು ನೋವು, ಮಹಡಿ ಮೇಲಿನ ಹಾಲ್ ಬೇಡ. ಹಾರ, ಶಾಲು ಬೇಡ ಅನ್ನುತ್ತಾರೆ, ಬಸ್ ಚಾರ್ಜು ಕೊಡಿ. ಒಪ್ಪಿದರೆ ತಿಳಿಸಿ, ನಾನೇ ಕರೆದುಕೊಂಡು ಬರುತ್ತೇನೆ.