ಸ್ಟೂಲಿನ ಸಂದಿಗೆ ಅಂಟು ತುಂಬಬೇಡಿ

ಚೀನಾದ ಮಿಂಗ್ ಕಾಲದ (1368–1644) ಶೈಲಿಯ ಗಟ್ಟಿಮರದ ಸ್ಟೂಲುಗಳ ಬಗ್ಗೆ ಮತ್ತೆ ಮತ್ತೆ ಒಂದೇ ಪ್ರಶ್ನೆ ಬರುತ್ತಿದೆ. ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ಶಾಂಘೈನಿಂದ ಚೌಕ ಸ್ಟೂಲ್ ತಂದಿದ್ದೆವು. ಬೆಂಗಳೂರಿನ ಬೇಸಿಗೆಯಲ್ಲಿ ಹಲಗೆಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟಿದೆ. ಫೆವಿಕಾಲ್ ತುಂಬಿ ಎರಡು ಮೊಳೆ ಹೊಡೆಯುತ್ತೇನೆ ಅಂತಾರೆ ಬಡಗಿ. ಮಾಡಿಸಲೇ?

ಉತ್ತರ: ಖಂಡಿತ ಬೇಡ. ಅದು ಮಾಡಿದವರು ಬೇಕೆಂದೇ ಬಿಟ್ಟ ಜಾಗ. ಮರ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೇ ಚೀನಾದ ಬಡಗಿಗಳು ನಾಲ್ಕು ಪಟ್ಟಿಗಳನ್ನು ಮೂಲೆಯಲ್ಲಿ 45 ಡಿಗ್ರಿಗೆ ಕೂಡಿಸಿ ಚೌಕಟ್ಟು ಕಟ್ಟಿದರು. ಅದರ ಒಳಅಂಚಿಗೆ ಸಣ್ಣ ಕಾಲುವೆ ತೋಡಿ, ಹಲಗೆಯ ತೆಳು ಅಂಚನ್ನು ಅಂಟಿಲ್ಲದೆ ಸಡಿಲವಾಗಿ ಕೂರಿಸಿದರು. ಹಲಗೆ ಬಾಗದಿರಲಿ ಎಂದು ಅಡಿಯಲ್ಲೊಂದು ಅಡ್ಡಪಟ್ಟಿ ತೂರಿಸಿದರು. ಹಲಗೆ ಆ ಕಾಲುವೆಯೊಳಗೇ ಸರಿದಾಡುತ್ತದೆ, ಸ್ಟೂಲಿನ ಹೊರ ಅಳತೆ ಹಾಗೇ ಇರುತ್ತದೆ. ಎಷ್ಟು ಚೆಂದದ ಲೆಕ್ಕ ನೋಡಿ!

ಅಲ್ಲಿ ಅಂಟು ತುಂಬಿದರೆ ಮಳೆಗಾಲದಲ್ಲಿ ಹಿಗ್ಗುವ ಹಲಗೆ ಚೌಕಟ್ಟಿನ ಮೂಲೆಗಳನ್ನೇ ಬಿಡಿಸುತ್ತದೆ. ಮುಂದಿನ ಬೇಸಿಗೆಗೆ ಕುಗ್ಗಲಾಗದೆ ನಡುವೆ ಸೀಳುತ್ತದೆ. ಹಾಗೆ ಸೀಳಿದವನ್ನು ರಿಪೇರಿಗೆ ತಂದಾಗ ನನಗೆ ಹೊಟ್ಟೆ ಉರಿಯುತ್ತದೆ. ಕಬ್ಬಿಣದ ಮೊಳೆಯಂತೂ ತುಕ್ಕು ಹಿಡಿದು ಮರವನ್ನೂ ಕಪ್ಪಾಗಿಸುತ್ತದೆ.

ಸುಮ್ನೆ ಬಿಡಿ. ಎಸಿ ಗಾಳಿ, ಕಿಟಕಿಯ ಬಿಸಿಲು ನೇರ ತಾಗದ ಕಡೆ ಇಡಿ. ಮಳೆ ಹಿಡಿದ ಮೇಲೆ ನೋಡಿ, ಸಂದು ಕಿರಿದಾಗಿರುತ್ತದೆ. ಕಾಲು ಅಲುಗಾಡಿದರೆ ಮಾತ್ರ ಹಳೆಯ ಪೀಠೋಪಕರಣ ಬಿಚ್ಚಿ ಕೂಡಿಸಿ ಗೊತ್ತಿರುವವರಿಗೆ ತೋರಿಸಿ. ನೀವೇ ಸುತ್ತಿಗೆ ಹಿಡಿಯಬೇಡಿ. ಕಾಲಿನ ತುದಿಯಲ್ಲಿ ಕೆತ್ತಿ ಚೌಕಟ್ಟಿನ ತೂತಿಗೆ ತೂರಿಸಿದ ಮರದ ನಾಲಿಗೆ ಮುರಿದರೆ ಆ ಕಾಲನ್ನು ಮೊದಲಿನಂತೆ ನಿಲ್ಲಿಸುವುದು ಬಲು ಕಷ್ಟ.

ಪ್ರಶ್ನೆ: ಮೊಳೆ, ಅಂಟು ಇಲ್ಲದಿದ್ದರೆ ಅಪ್ಪಟ ಹಳೆಯದೇ ಅಲ್ವಾ?

ಉತ್ತರ: ಅಲ್ಲ. ಆ ಕೂಡಿಕೆ ಇವತ್ತಿಗೂ ಮಾಡುತ್ತಾರೆ. ಹಳಬರೂ ಮೀನಿನ ಗಾಳಿಚೀಲದ ಅಂಟು, ಬಿದಿರಿನ ಮೊಳೆ ಬಳಸಿದ್ದಾರೆ. ಇದನ್ನೇ ಪುರಾವೆ ಎಂದು ತೋರಿಸುವ ವ್ಯಾಪಾರಿಯಿಂದ ದೂರ ಇರಿ.

ಪ್ರಶ್ನೆ: ಹೊಳಪಿಗೆ ವಾರ್ನಿಶ್ ಹೊಡೆಯಬಹುದೇ?

ಉತ್ತರ: ಬೇಡ. ಒಣಬಟ್ಟೆ ಸಾಕು, ಅಪರೂಪಕ್ಕೆ ತೆಳುವಾಗಿ ಜೇನುಮೇಣ.

ಪ್ರಶ್ನೆ: ಜಿತಾನ್ ಮರದ ಸ್ಟೂಲಿನ ಮೇಲೆ ಕೂತರೆ ಬಿಪಿ ಇಳಿಯುತ್ತಂತೆ?

ಉತ್ತರ: ಇಳಿಯುವುದಿಲ್ಲ, ಮಾತ್ರೆ ಬಿಡಬೇಡಿ. ಜಿತಾನ್ ಅಂದರೆ ಆಂಧ್ರದ ಶೇಷಾಚಲ ಬೆಟ್ಟಗಳಲ್ಲಿ ಬೆಳೆಯುವ ನಮ್ಮ ರಕ್ತಚಂದನವೇ. ಇದರ ಕಳ್ಳಸಾಗಣೆ ಇನ್ನೂ ನಿಂತಿಲ್ಲ. ಕೊಳ್ಳುವ ಮುನ್ನ ಮರ ಎಲ್ಲಿಂದ ಬಂತು ಎಂಬ ಕಾಗದಪತ್ರ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.